ಕ್ಲಚ್ಚಿಲ್ಲದ ಕಾರಿನ ರಿವರ್ಸು

ಪಾಸಾದಳು! ನನ್ನ ಮೊಮ್ಮಗಳು ನಿನ್ನೆ ಡ್ರೈವಿಂಗ್ ಪರೀಕ್ಷೆಯಲ್ಲಿ ಪಾಸಾದಳು. ಬರೀ ಮುಂದಕ್ಕೆ ಓಡಿಸಿ ಅಲ್ಲ. ಎರಡು ಕೋಲು ನೆಟ್ಟಿದ್ದರು, ಅವೆರಡರ ನಡುವೆ ಅಷ್ಟು ದೊಡ್ಡ ಕಾರನ್ನು ಹಿಂದಕ್ಕೆ ತಂದು, ಒಂದು ಕೋಲಿಗೂ ತಾಗಿಸದೆ ನಿಲ್ಲಿಸಿ ಪಾಸಾದಳು. ಇದನ್ನು ಮೊದಲು ಬರೆಯದಿದ್ದರೆ ಮುಂದಿನ ಯಾವ ಮಾತೂ ನನ್ನ ಕೈಯಿಂದ ಇಳಿಯುವುದಿಲ್ಲ.

ನಿನ್ನೆ ಹನ್ನೊಂದು ಗಂಟೆಯ ಮೇಲೆ ನಾನು ಶಿರಸಿ ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಬಸ್‌ಸ್ಟ್ಯಾಂಡಿನ ಪಾನಂಗಡಿಯವನಿಗೆ ಹೇಳಿದೆ. ಗುರುತೇ ಇಲ್ಲದ ಒಬ್ಬರು ಕೊಡೆ ಬಿಚ್ಚುತ್ತ ನಿಂತಿದ್ದರು, ಅವರಿಗೂ ಹೇಳಿದೆ. "ಎಂತ ಪಾಸಾತು?" ಎಂದರು. "ರಿವರ್ಸು" ಎಂದೆ. "ಒಳ್ಳೇದಾತು" ಎಂದು ಅವರು ಕೊಡೆ ಮಡಚಿಕೊಂಡೇ ಹೋದರು.

ರಿವರ್ಸಿಗೆ ಯಾಕೆ ಇಷ್ಟು ಕುಣಿತ ಎಂದು ನಿಮಗೂ ಅನ್ನಿಸಬಹುದು. ಹೇಳುತ್ತೇನೆ.

ನಾನು ನಾಲ್ಕನೇ ಇಯತ್ತೆ ಓದಿದವನು. ಇಂಗ್ಲಿಷಿನ ದೊಡ್ಡ ಅಕ್ಷರಗಳನ್ನು ಲಾರಿಗಳ ನಂಬರ್ ಪ್ಲೇಟು ನೋಡಿ ಕಲಿತೆ. ಮೊದಲು ನಾಟಾ, ಅಂದರೆ ಮರದ ದಿಮ್ಮಿ, ಸಾಗಿಸುವ ಲಾರಿಯ ಡ್ರೈವರ್, ಆಮೇಲೆ ಶಿರಸಿಯ ಬನವಾಸಿ ರಸ್ತೆಯಲ್ಲಿ ಮನೆಯ ಪಕ್ಕಕ್ಕೇ ತಗಡಿನ ಶೆಡ್ಡು ಹಾಕಿಕೊಂಡು ಮೆಕ್ಯಾನಿಕ್. ಹೆಂಡತಿ ತೀರಿಕೊಂಡು ಹದಿಮೂರು ವರ್ಷವಾಯಿತು. ಮನೆಯಲ್ಲಿ ಮಗ, ಸೊಸೆ, ಅವರ ಒಬ್ಬಳೇ ಮಗಳು. ಮಗ ಸಿದ್ದಾಪುರ ಶಿರಸಿ ನಡುವೆ ಟೆಂಪೋ ಓಡಿಸುತ್ತಾನೆ. ಮೊಮ್ಮಗಳಿಗೆ ಎರಡನೇ ವಯಸ್ಸಿನಲ್ಲಿ ಪೋಲಿಯೋ ಆಗಿ ಎಡಗಾಲು ಸೊರಗಿಹೋಯಿತು. ಕಬ್ಬಿಣದ ಪಟ್ಟಿ ಕಟ್ಟಿದ ಬೂಟು ಹಾಕಿಕೊಂಡು ನಡೆಯುತ್ತಾಳೆ. ಬಲಗಾಲು ಮಾತ್ರ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ.

ಕಾರಿನಲ್ಲಿ ಎಡಗಾಲಿಗೆ ಇರುವ ಕೆಲಸ ಒಂದೇ, ಕ್ಲಚ್ಚು ಒತ್ತುವುದು. ಎಡಗಾಲು ಏಳದವರಿಗೆ ಕಾರು ಇಲ್ಲ ಎಂದೇ ಲೆಕ್ಕ. ಆದರೆ ನಮ್ಮ ಶೆಡ್ಡಿನಲ್ಲಿದ್ದ ಕಾರಿಗೆ ಕ್ಲಚ್ಚೇ ಇಲ್ಲ. ಗೇರು ತಾನೇ ಬೀಳುತ್ತದೆ, ತಾನೇ ಏಳುತ್ತದೆ. ಅಮೆರಿಕದಲ್ಲಿ ಹುಟ್ಟಿದ, ಎಮ್ಮೆಯಷ್ಟು ಅಗಲದ ಮೂತಿಯ, ಹಾಲುಬಿಳಿ ಮತ್ತು ಹಸಿರು ಬಣ್ಣದ ಹಳೇ ಕಾರು. ಈ ಮೂರು ತಾಲೂಕಿನಲ್ಲಿ ನನಗೆ ತಿಳಿದಂತೆ ಅಂಥದ್ದು ಅದೊಂದೇ.

ಅದು ಯಲ್ಲಾಪುರದ ಒಬ್ಬ ನಾಟಾ ಮಿಲ್ಲಿನ ಧಣಿಯದ್ದು. ಮುಂಬೈಯಿಂದ ತರಿಸಿದ್ದರು. ನಾನು ಲಾರಿ ಓಡಿಸುತ್ತಿದ್ದ ಕಾಲದಲ್ಲಿ ಒಂದು ದಿನ ಮಿಲ್ಲಿನ ಅಂಗಳದಲ್ಲಿ ಆ ಕಾರು ನನ್ನ ಲಾರಿಗೆ ಅಡ್ಡ ನಿಂತಿತ್ತು. ಡ್ರೈವರ್ ಊಟಕ್ಕೆ ಹೋಗಿದ್ದ. "ನೀನೇ ಒಂದು ಸ್ವಲ್ಪ ಮುಂದೆ ತೆಗೆದು ನಿಲ್ಲಿಸು ಮಾರಾಯ" ಎಂದರು ಧಣಿ. ಹತ್ತಿ ಕೂತೆ. ಕ್ಲಚ್ಚು ಹುಡುಕಿದೆ, ಇಲ್ಲ. ಸ್ಟೇರಿಂಗಿನ ಕೆಳಗೆ ಒಂದು ಕಡ್ಡಿ, ಅದರ ಮೇಲೆ ಸಾಲಾಗಿ ಪಿ, ಎನ್, ಡಿ, ಎಲ್, ಆರ್. ಡಿ ನನಗೆ ಗೊತ್ತಿತ್ತು, ಕರೆಂಟು ಕಂಬದ ಮೇಲೆ ತಲೆಬುರುಡೆಯ ಜೊತೆ ಇರುತ್ತದಲ್ಲ, ಡೇಂಜರ್. ಅದರ ತಂಟೆ ಬೇಡ ಎಂದುಕೊಂಡೆ. ಆರ್ ಕೂಡ ಗೊತ್ತಿತ್ತು. ಬಸ್ಸಿನ ಕಂಡಕ್ಟರು ಬಾಗಿಲು ಬಡಿದು ಕೂಗುವ "ರೈಟ್, ರೈಟ್!" ಅದೇ ಅಲ್ಲವೇ? ರೈಟ್ ಎಂದರೆ ಹೋಗು. ಕಡ್ಡಿಯನ್ನು ಆರ್‌ಗೆ ಎಳೆದು ಎಕ್ಸಿಲೇಟರ್ ಒತ್ತಿದೆ. ಕಾರು ಹಿಂದಕ್ಕೆ ಹಾರಿ ಸಾಗುವಾನಿ ದಿಮ್ಮಿಗಳ ರಾಶಿಗೆ ಹೋಗಿ ಕೂತಿತು.

ಧಣಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿನ್ನ ರೈಟು ಹಿಂದಕ್ಕೆ ಹೋಗ್ತದೆ" ಎಂದರು. ಅಂದಿನಿಂದ ನನ್ನನ್ನು "ರೈಟು" ಎಂದೇ ಕರೆದರು, ಮುಂದೆ ತಮ್ಮ ಡ್ರೈವರ್ ಮಾಡಿಕೊಂಡರು. ಹಿಂದಿನ ಬಂಪರಿನ ನೆಗ್ಗು ಇವತ್ತಿಗೂ ಇದೆ. ಅದನ್ನು ಮಾತ್ರ ನಾನು ತಟ್ಟಿ ಸರಿಮಾಡಿಲ್ಲ.

ಧಣಿ ಹೋದ ಮೇಲೆ, ತೊಂಬತ್ತರ ಆಚೀಚೆ, ಅವರ ಮನೆಯವರು ನನ್ನನ್ನು ಕರೆಸಿ ಕಾರು ತೆಗೆದುಕೊಂಡು ಹೋಗು ಎಂದರು. ನನ್ನ ಹೆಂಡತಿ ತೀರಿಕೊಂಡ ಮರುವರ್ಷ ಅದು. ಮನೆಯಲ್ಲಿ ನನಗೆ ಮಾತಾಡಲು ಯಾರೂ ಇಲ್ಲ ಅನ್ನಿಸುತ್ತಿದ್ದ ಕಾಲ. ಯಲ್ಲಾಪುರದಿಂದ ಶಿರಸಿಗೆ ಒಬ್ಬನೇ ಓಡಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಅದರ ಜೊತೆ ಮಾತಾಡಿದೆ, ನಾಚಿಕೆ ಎಂತದು ಅದರಲ್ಲಿ.

ಆ ಕಾರಿಗೆ ರಿವರ್ಸು ಇರಲಿಲ್ಲ. ಬರುವಾಗಲೇ ಹಾಗಿತ್ತು ಎಂದು ನಾನು ಎಲ್ಲರಿಗೂ ಹೇಳಿದೆ. ಅದು ಪೂರ್ತಿ ನಿಜವಲ್ಲ. ಅದು ಆಮೇಲೆ ಬರುತ್ತದೆ.

ಹಿಂದೆ ಹೋಗದ ಕಾರು ಇಟ್ಟುಕೊಂಡವನ ಬಾಳು ಹೇಗಿರುತ್ತದೆ ಎಂದು ಯಾರೂ ಯೋಚಿಸಿರುವುದಿಲ್ಲ. ಅವನು ಸುತ್ತು ಹಾಕಲು ಜಾಗ ಇರುವಲ್ಲಿಗೆ ಮಾತ್ರ ಹೋಗುತ್ತಾನೆ. ಸಿದ್ದಾಪುರದ ಪೇಟೆಯಲ್ಲಿ ಯಾವ ಸಂದಿಯಿಂದ ಒಳಗೆ ಹೋದರೆ ಯಾವ ಸಂದಿಯಿಂದ ಹೊರಗೆ ಬರಬಹುದು ಎಂಬುದು ನನಗೆ ಕಣ್ಣು ಕಟ್ಟಿದರೂ ಗೊತ್ತು. ಆದರೆ ಮನೆಗಳಿಗೆ ಎರಡು ಬಾಗಿಲಿದ್ದರೂ ಅಂಗಳಕ್ಕೆ ದಾರಿ ಒಂದೇ. ಒಮ್ಮೆ ಬಿಳಗಿಯಲ್ಲಿ ನನ್ನ ಅಕ್ಕನ ಮನೆಯ ಉಪನಯನಕ್ಕೆ ಹೋಗಿ ಮರೆತು ಅಂಗಳಕ್ಕೇ ಇಳಿಸಿಬಿಟ್ಟೆ. ಊಟ ಮುಗಿದ ಮೇಲೆ ಎಂಟು ಜನ, ಹೋಳಿಗೆ ಉಂಡವರು, ಬೆವರು ಸುರಿಸಿಕೊಂಡು ಕಾರನ್ನು ಏರಿನ ಮೇಲೆ ಹಿಂದಕ್ಕೆ ದೂಡಿದರು.

"ಮುಂದಿನ ಸಲ ಬಪ್ಪಾಗ ಎಮ್ಮೆ ಕಟ್ಕಂಡು ಬಾ" ಎಂದು ಅಕ್ಕ ನಕ್ಕಳು. ನಗುವಿನಲ್ಲಿ ತಪ್ಪಿರಲಿಲ್ಲ. ಆದರೂ ಆಮೇಲೆ ನಾನು ಯಾರ ಅಂಗಳಕ್ಕೂ ಹೋಗಲಿಲ್ಲ. ರಸ್ತೆಯ ಮೇಲೆ ನಿಲ್ಲಿಸುತ್ತಿದ್ದೆ. ಒಳಗಿನವರು "ಬಾ, ಬಾ" ಎಂದು ಕರೆದರೆ "ಇಲ್ಲೆ, ತಿರುಗ್ಸಲೆ ಆಗ್ತಿಲ್ಲೆ" ಎಂದು ಕಿಟಕಿಯಿಂದಲೇ ಕೈ ಬೀಸಿ ಮುಂದೆ ಹೋಗುತ್ತಿದ್ದೆ. ಎರಡು ಮೂರು ಸಲ ಕರೆದರು, ಆಮೇಲೆ ಕರೆಯುವುದನ್ನು ಬಿಟ್ಟರು. ಕಾರಿಗೆ ರೂಢಿಯಾದದ್ದು ನನಗೂ ರೂಢಿಯಾಯಿತು.

ಮೊಮ್ಮಗಳು ಒಬ್ಬಳೇ ನನ್ನ ಜೊತೆ ಆ ಕಾರಿನಲ್ಲಿ ಬರುತ್ತಿದ್ದವಳು. ಅವಳಿಗೆ ಹದಿನಾರು ಆದಾಗ ಬನವಾಸಿ ಹಾದಿಯಲ್ಲಿ, ಕೊಯ್ಲು ಮುಗಿದ ಗದ್ದೆಬಯಲಿನ ಪಕ್ಕದ ಮಣ್ಣು ರಸ್ತೆಯಲ್ಲಿ, ಸ್ಟೇರಿಂಗ್ ಅವಳ ಕೈಗೆ ಕೊಟ್ಟೆ. ಬಲಗಾಲೊಂದರಲ್ಲೇ ಹೋಗುವ ಕಾರು! ಅವಳ ಮುಖವನ್ನು ನೀವು ನೋಡಬೇಕಿತ್ತು. ಓಡಿಸುತ್ತ ಓಡಿಸುತ್ತ ರಸ್ತೆ ಮುಗಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಮುಂದೆ ಕಾಲುವೆ. ಬ್ರೇಕು ಹಾಕಿದಳು, ಕಾರು ಅಂಚಿಗೆ ನಿಂತಿತು. ಹಿಂದಕ್ಕೆ ತೆಗೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಿಂದಕ್ಕೆ ಹೋಗುವುದಿಲ್ಲ. ಇಳಿದು ಜನ ಕರೆದು ತರುತ್ತೇನೆ ಎಂದು ಅವಳನ್ನು ಒಳಗೇ ಕೂರಿಸಿ ನಾನು ಹೋದೆ. ಅಷ್ಟರಲ್ಲಿ ಮಣ್ಣು ಕುಸಿದು ಕಾರು ಮೂತಿಯಡಿಯಾಗಿ ಕಾಲುವೆಗೆ ಜಾರಿತು. ಮೊಮ್ಮಗಳ ಹಣೆ ಒಡೆಯಿತು, ಮೂರು ಹೊಲಿಗೆ. ನೀರು ಮೊಣಕಾಲಿನಷ್ಟೇ ಇತ್ತು, ಅದೇ ಪುಣ್ಯ. ಹೆಚ್ಚಿದ್ದರೆ ಏನಾಗುತ್ತಿತ್ತು ಎಂದು ಬರೆಯಲು ನನ್ನಿಂದ ಆಗುವುದಿಲ್ಲ.

ಮಗ ಆಸ್ಪತ್ರೆಯ ಜಗುಲಿಯಲ್ಲಿ ಎಲ್ಲರೆದುರು ಕೇಳಿದ.

"ಹಿಂದೆ ಬಾರದ ಕಾರನ್ನ ಈ ಕೂಸಿನ ಕೈಗೆ ಕೊಟ್ಯಲಾ ಅಪ್ಪಯ್ಯ, ನಿಂಗೆ ಬುದ್ಧಿ ಇದ್ದಾ?"

"ಅದು ಬಪ್ಪಾಗಲೇ ಹಾಂಗಿತ್ತು" ಎಂದೆ ನಾನು. ಏನು ಮಾತು ಅದು! ತಪ್ಪಾತು ಎನ್ನಬೇಕಾದಲ್ಲಿ ನಾನು ಕಾರಿನ ಮೇಲೆ ಹಾಕಿದೆ.

"ಅದನ್ನ ಗುಜರಿಗೆ ಹಾಕು. ಇಲ್ದಿದ್ರೆ ಎನ್ನ ಹತ್ರ ಮಾತಾಡಡ."

ನಾನು ಗುಜರಿಗೆ ಹಾಕಲಿಲ್ಲ. ಅವನು ಮಾತಾಡಲಿಲ್ಲ. ಕಾರನ್ನು ಲಾರಿಗೆ ಕಟ್ಟಿ ಎಳೆಸಿ ತಂದು ಶೆಡ್ಡಿನೊಳಗೆ ಮೂತಿ ಮುಂದಾಗಿ ದೂಡಿ ನಿಲ್ಲಿಸಿದೆ. ಹಾಸಿಗೆಯನ್ನೂ ಅಲ್ಲಿಗೇ ತಂದೆ. ಮೊಮ್ಮಗಳನ್ನು ಮಗ ಶೆಡ್ಡಿನ ಹತ್ತಿರ ಬಿಡುತ್ತಿರಲಿಲ್ಲ. ಐದು ವರ್ಷ, ಮನೆಗೂ ಶೆಡ್ಡಿಗೂ ನಡುವೆ ಹನ್ನೆರಡು ಹೆಜ್ಜೆ. ಸೊಸೆ ಒಳ್ಳೆಯವಳು. ದಿನಕ್ಕೆ ಎರಡು ಹೊತ್ತು ಸ್ಟೀಲಿನ ತಟ್ಟೆ ತಂದು ಬಾನೆಟ್ಟಿನ ಮೇಲೆ ಇಟ್ಟು "ಮಾವ, ಊಟ" ಎನ್ನುತ್ತಿದ್ದಳು. ಆ ಎರಡು ಶಬ್ದ. ಕೆಲವು ದಿನ ಅದಕ್ಕೆ "ಹ್ಞೂಂ" ಎಂದರೆ ನನ್ನ ಆ ದಿನದ ಮಾತೆಲ್ಲ ಮುಗಿಯಿತು. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಉಣ್ಣುತ್ತಿದ್ದೆ. ಒಳಮನೆಯಿಂದ ಮೂರು ಜನರ ತಟ್ಟೆ ಸಪ್ಪಳ ಕೇಳುತ್ತಿತ್ತು. ಸೊಸೆ ಮಜ್ಜಿಗೆ ಬಡಿಸುವ ಸದ್ದು ಕೇಳಿದ ಮೇಲೆ ನಾನೂ ಮಜ್ಜಿಗೆ ಕಲಸಿಕೊಳ್ಳುತ್ತಿದ್ದೆ. ಹಾಗೆ ಮಾಡಿದರೆ ಜೊತೆಗೇ ಉಂಡಂತೆ ಆಗುತ್ತಿತ್ತು.

ಮೊಮ್ಮಗಳು ಓದು ಮುಗಿಸಿ ಹುಲೇಕಲ್ಲಿನಲ್ಲಿ ಒಂದು ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿದಳು. ಬಸ್ಸಿನ ಮೊದಲ ಮೆಟ್ಟಿಲು ಅವಳ ಸೊಂಟದಷ್ಟು ಎತ್ತರ. ದಿನಾ ಯಾರಾದರೂ ರಟ್ಟೆ ಹಿಡಿದು ಎಳೆದುಕೊಳ್ಳಬೇಕು. ಮಗ ಪಕ್ಕಕ್ಕೆ ಎರಡು ಗಾಲಿ ಹಚ್ಚಿದ ಸ್ಕೂಟರ್ ಕೊಡಿಸುತ್ತೇನೆ ಎಂದ. ಅವಳು ಒಪ್ಪಲಿಲ್ಲ. ಅವಳು ಯಾಕೆ ಒಪ್ಪಲಿಲ್ಲ ಎಂಬುದು ಹೋದ ವರ್ಷ ಮಳೆ ಮುಗಿದ ಮೇಲೆ ಗೊತ್ತಾಯಿತು. ಮಧ್ಯಾಹ್ನ ಅಪ್ಪ ಸಿದ್ದಾಪುರಕ್ಕೆ ಹೋದ ಹೊತ್ತು ನೋಡಿ ಬೂಟು ಸಪ್ಪಳ ಮಾಡುತ್ತ ಶೆಡ್ಡಿಗೆ ಬಂದಳು.

"ಎಲ್ಲೆಲ್ ಆತು ಅಜ್ಜ."

"ಎಂತ ಎಲ್ಲೆಲ್?"

"ಲೈಸೆನ್ಸಿಂದು. ಕಲಿಯಲೆ ಕೊಡ್ತ ನೋಡು, ಅದು."

"ನಿನ್ನ ಅಪ್ಪಯ್ಯಂಗೆ ಗೊತ್ತಿದ್ದಾ?"

"ಇಲ್ಲೆ."

"ಮತ್ತೆ ಹೇಳದು ಯಾರು?"

"ಕಾರು ಹಿಂದೆ ಬಂದ ಮೇಲೆ ಕಾರೇ ಹೇಳ್ತು. ಪರೀಕ್ಷೆಲಿ ಹಿಂದೆ ಹೋಗಿ ತೋರ್ಸವು ಅಜ್ಜ. ರಿವರ್ಸು ಇಲ್ದೆ ಲೈಸೆನ್ಸು ಇಲ್ಲೆ."

"ಆನು ಮಾಡದಿದ್ರೆ?"

"ನೀನು ಮಾಡದಿದ್ರೆ ಆನು ಸಾಯವರೆಗೂ ಬಸ್ಸಿನ ಬಾಗಲಲ್ಲಿ ಕೈ ಚಾಚ್ತೆ."

ಅವಳು ಅಳುತ್ತಾ ಹೇಳಿದ್ದಲ್ಲ, ನಗುತ್ತಾ ಹೇಳಿದ್ದು. ಅದಕ್ಕೇ ನನಗೆ ತಡೆಯಲಾಗಲಿಲ್ಲ. ಮರುದಿನ ಮಾಡಿನ ತೊಲೆಗೆ ಸರಪಳಿ ರಾಟೆ ಕಟ್ಟಿ ಗೇರ್‌ಬಾಕ್ಸ್ ಇಳಿಸಿದೆ. ಎರಕದ ಕಬ್ಬಿಣದ್ದು, ಎರಡು ಅಕ್ಕಿಮೂಟೆಯಷ್ಟು ಭಾರ. ಒಳಗಿನ ಎಣ್ಣೆ ಕೆಂಪಗಿರಬೇಕಿತ್ತು, ಸೀದ ಬೆಲ್ಲದ ಪಾಕದ ಹಾಗೆ ಕಪ್ಪಾಗಿ ಸುರಿಯಿತು.

ಲಾರಿಯ ಗೇರ್‌ಬಾಕ್ಸನ್ನು ನಾನು ಊಟ ಮಾಡುತ್ತ ಬಿಚ್ಚಬಲ್ಲೆ. ಇದು ಹಾಗಲ್ಲ. ಇದರೊಳಗೆ ಹಲ್ಲುಗಾಲಿಗಳ ಜೊತೆಗೆ ಎಣ್ಣೆ ಓಡುವ ಸಂದುಗೊಂದು ನೂರಾರು, ಸ್ಪ್ರಿಂಗು, ಸಾಸಿವೆಯಂಥ ಉಕ್ಕಿನ ಗುಂಡು, ಬಳೆಯಂಥ ಉಂಗುರ. ಯಾವುದರ ಮೇಲೆ ಯಾವುದು ಎಂದು ತಪ್ಪಿದರೆ ಮುಗಿಯಿತು. ಬರೆದಿಡೋಣ ಎಂದರೆ ಯಾವುದಕ್ಕೂ ನನಗೆ ಹೆಸರು ಗೊತ್ತಿಲ್ಲ. ಕೊನೆಗೆ ನನಗೆ ಗೊತ್ತಿದ್ದ ಒಂದೇ ಕ್ರಮ ಹಿಡಿದೆ. ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ದೊಡ್ಡ ಬಾಳೆಲೆ ಬರೆದೆ. ಮದುವೆಮನೆಯಲ್ಲಿ ಎಲೆಗೆ ಬಡಿಸುವ ಕ್ರಮ ನಮ್ಮವರಿಗೆ ನಿದ್ದೆಯಲ್ಲೂ ತಪ್ಪುವುದಿಲ್ಲವಲ್ಲ. ಮೊದಲು ಬಿಚ್ಚಿದ ಉಂಗುರ ಉಪ್ಪಿನ ಜಾಗದಲ್ಲಿ. ಆಮೇಲಿನದು ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ನಡುವೆ ಅನ್ನದ ಜಾಗದಲ್ಲಿ ದೊಡ್ಡ ಡ್ರಮ್ಮು. ಕಟ್ಟಕಡೆಗೆ ಒಳಗಿನಿಂದ ಬಂದ ರಿವರ್ಸಿನ ಪಟ್ಟಿ ಪಾಯಸದ ಜಾಗಕ್ಕೆ.

ಮೊಮ್ಮಗಳು ಅದನ್ನು ನೋಡಿ ನಕ್ಕು ನಕ್ಕು ಕಾರಿಗೆ ಒರಗಿ ನಿಂತಳು. "ಅಜ್ಜ, ತುಪ್ಪ ಎಲ್ಲಿದ್ದು?" ಎಂದಳು.

"ಅದು ಕೊನೆಗೆ. ಕೆಂಪು ಎಣ್ಣೆ."

ಧಣಿಯ ಮನೆಯವರು ಕಾರಿನ ಜೊತೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕೊಟ್ಟಿದ್ದರು. ಹತ್ತು ವರ್ಷ ನಾನು ಅದರ ಚಿತ್ರ ಮಾತ್ರ ನೋಡಿದ್ದೆ. ಈಗ ಅವಳು ರಜೆಯ ದಿನಗಳಲ್ಲಿ ಡಬ್ಬದ ಮೇಲೆ ಕೂತು ಓದಿ ಕನ್ನಡದಲ್ಲಿ ಹೇಳತೊಡಗಿದಳು. ಒಂದು ದಿನ ಆ ಪಟ್ಟಿಯ ಪುಟ ಬಂತು. ಅದು ಹೇಗೆಂದರೆ, ಡ್ರಮ್ಮಿನ ಸುತ್ತ ಒಂದು ಉಕ್ಕಿನ ಪಟ್ಟಿ, ಒಳಮೈಗೆ ಲೈನಿಂಗು. ಕಡ್ಡಿಯನ್ನು ಆರ್‌ಗೆ ಹಾಕಿದರೆ ಎಣ್ಣೆಯ ಒತ್ತಡಕ್ಕೆ ಒಂದು ಪಿಸ್ಟನ್ನು ಪಟ್ಟಿಯನ್ನು ಎಳೆದು ಬಿಗಿಯುತ್ತದೆ. ಡ್ರಮ್ಮು ನಿಲ್ಲುತ್ತದೆ, ಕಾರು ಹಿಂದಕ್ಕೆ ಹೋಗುತ್ತದೆ.

ಅವಳು ಓದಿದಳು: "ಸ್ಕ್ರೂ ಪೂರ್ತಿ ಬಿಗಿ ಮಾಡು. ಆಮೇಲೆ ಎಣಿಸಿ ಅಷ್ಟು ಸುತ್ತು ಸಡಿಲ ಬಿಡು."

"ಮತ್ತೊಂದ್ಸಲ ಓದು."

"ಸಡಿಲ ಬಿಡು ಹೇಳಿ ಇದ್ದು ಅಜ್ಜ. ಬಿಡದಿದ್ರೆ ಮುಂದೆ ಹೋಪಾಗಲೂ ಪಟ್ಟಿ ಡ್ರಮ್ಮಿಗೆ ಉಜ್ಜಿ ಸುಟ್ಟು ಹೋಗ್ತಡ."

ನಾನು ಕೂತಲ್ಲಿಂದ ಏಳಲಿಲ್ಲ. ಕಾರು ನನ್ನ ಕೈಗೆ ಬಂದಾಗ ಅದಕ್ಕೆ ರಿವರ್ಸು ಇತ್ತು. ಸ್ವಲ್ಪ ತಡವರಿಸುತ್ತಿತ್ತು, ಅಷ್ಟೇ. ಹಿಡಿಯುತ್ತಿಲ್ಲ ಎಂದರೆ ಬಿಗಿ ಮಾಡಬೇಕು ಎಂಬುದೊಂದೇ ನನಗೆ ಗೊತ್ತಿದ್ದ ಬುದ್ಧಿ. ಬಂದ ತಿಂಗಳಲ್ಲೇ ತಳದ ಮುಚ್ಚಳ ಬಿಚ್ಚಿ ಆ ಸ್ಕ್ರೂವನ್ನು ಗರಿಷ್ಠ ಬಿಗಿ ಮಾಡಿದೆ. ಎರಡು ವಾರ ಚೆನ್ನಾಗಿ ಹೋಯಿತು, ಆಮೇಲೆ ಪೂರ್ತಿ ಹೋಯಿತು. ಮತ್ತೂ ಬಿಗಿ ಮಾಡಿದೆ. ಆ ಮೇಲೆ ಯಾರು ಕೇಳಿದರೂ "ಬಪ್ಪಾಗಲೇ ಹಾಂಗಿತ್ತು." ಹತ್ತು ವರ್ಷ ಅದೇ ಮಾತನ್ನು ಹೇಳಿ ಹೇಳಿ ನಾನೇ ನಂಬಿದ್ದೆ. ಮೊಮ್ಮಗಳ ಹಣೆಯ ಮೇಲೆ ಮೂರು ಹೊಲಿಗೆಯ ಗೀರು ಪುಸ್ತಕದ ಮೇಲೆ ಬಗ್ಗಿತ್ತು.

"ಆನೇ ಸುಟ್ಟಿದ್ದು" ಎಂದೆ ಅವಳಿಗೆ. ಎಲ್ಲ ಹೇಳಿದೆ.

ಅವಳು ಪುಸ್ತಕದ ಮೂಲೆ ಮಡಚಿದಳು. "ಎಂಗೊಬ್ಳಿಗೆ ಹೇಳಿದ್ರೆ ಸಾಲ್ತಿಲ್ಲೆ ಅಜ್ಜ" ಎಂದಳು. ಯಾರಿಗೆ ಹೇಳಬೇಕೆಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಹೇಳಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಅಷ್ಟು ದಿನ ಕೆಲಸದ ಹಿಂದೆ ಅಡಗಿಕೊಂಡೆ. ಪಟ್ಟಿ ತಿಂದ ಡ್ರಮ್ಮನ್ನು ಗೋಣಿಯಲ್ಲಿ ಸುತ್ತಿ ಲೇತಿನವನ ಹತ್ತಿರ ಒಯ್ದೆ. ಹಾವೇರಿ ಕಡೆಯವನು, ನಗಿಸದೆ ಕೆಲಸ ಮಾಡುವವನಲ್ಲ.

"ಬರ್ರಿ ಅಜ್ಜಾರ, ಏನ್ ತಂದೀರಿ? ಡೊಳ್ಳೇನ್ರಿ ಇದು?"

"ಕಾರಿಂದು."

"ಯಾವ ಕಾರಿನಾಗ ಡೊಳ್ಳು ಇರತೈತ್ರಿ? ಬಾರಿಸ್ಕೋತ ಹೊಕ್ಕೈತೇನು?"

"ಮೈ ನುಣ್ಣಗೆ ಮಾಡಿಕೊಡು. ಕೂದಲೆಳೆಗಿಂತ ಹೆಚ್ಚು ತೆಗೀಬೇಡ."

"ನನ್ನ ಕೂದಲದೋ ನಿಮ್ಮ ಕೂದಲದೋ? ನಿಮ್ಮಾವು ಸಣ್ಣ ಆಗ್ಯಾವ" ಎಂದು ಕಣ್ಣಿಗೆ ಗಾಜು ಹಚ್ಚಿಕೊಂಡ. ಕೆಲಸ ಮಾತ್ರ ಕನ್ನಡಿಯ ಹಾಗೆ ಮಾಡಿಕೊಟ್ಟ.

ಲೈನಿಂಗಿನಲ್ಲಿ ಮತ್ತೆ ಎಡವಿದೆ. ಲಾರಿಯ ಬ್ರೇಕಿನ ಲೈನಿಂಗು ಕತ್ತರಿಸಿ ಅಂಟಿಸಿದೆ, ಎಣ್ಣೆಯಲ್ಲಿ ನೆನೆದ ಕೂಡಲೇ ಅದು ಗಾಜಿನಂತೆ ಜಾರತೊಡಗಿತು. ಎಣ್ಣೆಯೊಳಗೇ ಬದುಕುವ ಲೈನಿಂಗು ಬೇರೆ ಇರುತ್ತದೆ ಎಂದು ಪುಸ್ತಕ ಹೇಳಿತು. ಹುಬ್ಬಳ್ಳಿಗೆ ಹೋದೆ, ಬಸ್ಸಿನಲ್ಲಿ. ಮಣ್ಣು ಅಗೆಯುವ ದೊಡ್ಡ ಯಂತ್ರಗಳ ಸಾಮಾನು ಮಾರುವ ಅಂಗಡಿಯಲ್ಲಿ ಅಂಥ ಲೈನಿಂಗೂ ಸಿಕ್ಕಿತು, ಪಿಸ್ಟನ್ನಿಗೆ ಸರಿಯಾಗಿ ಕೂರುವ ಹೊಸ ನಮೂನೆಯ ರಬ್ಬರ್ ಸೀಲೂ ಸಿಕ್ಕಿತು. ಹಳೆಯ ಸೀಲು ಒಣ ಹುಣಸೆಸಿಪ್ಪೆಯಷ್ಟು ಗಟ್ಟಿಯಾಗಿತ್ತು. ಮೊದಲಿನ ತಡವರಿಕೆಗೆ ಅದೇ ಕಾರಣ, ಎಣ್ಣೆಯ ಒತ್ತಡವೆಲ್ಲ ಅಲ್ಲಿ ಸೋರುತ್ತಿತ್ತು. ಅದೊಂದನ್ನು ಆಗಲೇ ಬದಲಿಸಿದ್ದರೆ! ಘಟ್ಟದಲ್ಲಿ ಎಣ್ಣೆ ಕುದಿಯದಿರಲಿ ಎಂದು ಒಂದು ಚಿಕ್ಕ ರೇಡಿಯೇಟರನ್ನು ಮೂತಿಯ ಹಿಂದೆ ಕೂರಿಸಿ ಅದರೊಳಗೆ ಎಣ್ಣೆ ಸುತ್ತುವಂತೆ ತಾಮ್ರದ ಕೊಳವೆ ಎಳೆದೆ. ಅಮೆರಿಕದವರು ಹಾಕಿರಲಿಲ್ಲ ಅದನ್ನು. ಅವರಿಗೆ ದೇವಿಮನೆ ಘಟ್ಟ ಗೊತ್ತಿಲ್ಲ.

ಎಲೆಯ ಮೇಲಿದ್ದುದನ್ನು ಹಿಂದುಮುಂದಾಗಿ, ಪಾಯಸದಿಂದ ಉಪ್ಪಿನವರೆಗೆ, ಮತ್ತೆ ಒಳಗೆ ಹಾಕಿದೆ. ಸೀಮೆಸುಣ್ಣದ ಎಲೆ ಖಾಲಿಯಾದ ದಿನ ಸ್ಕ್ರೂ ಪೂರ್ತಿ ಬಿಗಿ ಮಾಡಿ, ಮೊಮ್ಮಗಳು ಗಟ್ಟಿಯಾಗಿ ಎಣಿಸಿದಂತೆ ಸಡಿಲ ಬಿಟ್ಟೆ. ಹಿಂದಿನ ಗಾಲಿಗಳನ್ನು ಮರದ ತುಂಡಿನ ಮೇಲೆ ಎತ್ತಿ ಸ್ಟಾರ್ಟು ಮಾಡಿ ಆರ್‌ಗೆ ಹಾಕಿದೆವು. ಗಾಲಿ ಹಿಂದಕ್ಕೆ ತಿರುಗಿತು! ನಾನು ಅಲ್ಲೇ ನೆಲದ ಮೇಲೆ ಕೂತು ಎರಡು ಕೈಯಿಂದ ಮುಖ ಮುಚ್ಚಿಕೊಂಡೆ. ಕೈಯೆಲ್ಲ ಎಣ್ಣೆ, ಮುಖವೆಲ್ಲ ಎಣ್ಣೆ.

ಆದರೆ ಗಾಳಿಯಲ್ಲಿ ತಿರುಗಿದ್ದು ನೆಲದ ಮೇಲೆ ತಿರುಗಬೇಕಲ್ಲ. ಕಾರು ಮೂತಿ ಒಳಗಾಗಿ ನಿಂತಿದೆ, ಹಿಂದಕ್ಕೇ ಹೊರಗೆ ಬರಬೇಕು. ಹಿಂದೆ ಸೊಸೆಯ ತುಳಸಿಕಟ್ಟೆ, ಅದರಾಚೆ ಮನೆಯ ಮೆಟ್ಟಿಲು. ಹಿಂದೆ ನಿಂತು ದಾರಿ ಹೇಳಲು ಒಬ್ಬರು ಬೇಕು. ಸ್ಟೇರಿಂಗಿನಲ್ಲಿ ಅವಳೇ ಕೂರಬೇಕು, ಅದು ಅವಳ ಹಟ. ನಾನು ಒಳಗೆ ಅವಳ ಪಕ್ಕದಲ್ಲಿ ಕಡ್ಡಿಯ ಮೇಲೆ ಕಣ್ಣಿಟ್ಟಿರಬೇಕು. ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು.

ಮಗ ಆಗ ಮೆಟ್ಟಿಲ ಮೇಲೆ ನಿಂತು ಟೆಂಪೋದ ಕೀಲಿ ಬೆರಳಿಗೆ ಸುತ್ತುತ್ತಿದ್ದ. ಎಲ್ಲ ಗೊತ್ತಿತ್ತು ಅವನಿಗೆ. ಹನ್ನೆರಡು ಹೆಜ್ಜೆ ದೂರದ ಶೆಡ್ಡಿನಲ್ಲಿ ನಾಲ್ಕು ತಿಂಗಳು ಸುತ್ತಿಗೆ ಬಡಿದರೆ ಯಾರಿಗೆ ಗೊತ್ತಾಗುವುದಿಲ್ಲ? ನಾನು ಹೊರಗೆ ಬಂದೆ. ಐದು ವರ್ಷದಲ್ಲಿ ಮೊದಲ ಸಲ ಅವನೆದುರು ನಿಂತೆ.

"ಅದು ಬಪ್ಪಾಗ ಹಾಂಗಿತ್ತಿಲ್ಲೆ" ಎಂದೆ. "ರಿವರ್ಸು ಇತ್ತು. ಬಿಗಿ ಮಾಡಿ ಮಾಡಿ ಸುಟ್ಟಿದ್ದು ಆನು. ಅವತ್ತು ಆಸ್ಪತ್ರೆಲಿ ಎಂಗೆ ಹೇಳಲೆ ಆತಿಲ್ಲೆ. ಕೂಸಿನ ಹಣೆ ಒಡದ್ದು ಎನ್ನಿಂದ."

ಕೀಲಿ ಸುತ್ತುವುದು ನಿಂತಿತು. ನಾನು ತಿರುಗಿ ಹೋಗಿ ಕಾರಿನಲ್ಲಿ ಕೂತೆ. ಮೊಮ್ಮಗಳು ಸ್ಟಾರ್ಟು ಮಾಡಿ ಕಡ್ಡಿಯನ್ನು ಕೊನೆಯ ಅಕ್ಷರಕ್ಕೆ ಎಳೆದಳು. ಕಾರು ಒಮ್ಮೆ ಮೈಮುರಿದ ಹಾಗೆ ಅಲುಗಿತು. ಬ್ರೇಕಿನ ಮೇಲಿಂದ ಕಾಲು ತೆಗೆಯಲು ಅವಳಿಗೆ ಹೆದರಿಕೆ. ನನಗೂ. ಇಬ್ಬರೂ ಹಿಂದಿನ ಗಾಜು ನೋಡುತ್ತ ಕೂತೆವು.

ಆಗ ಕೇಳಿತು, ಹಿಂದಿನಿಂದ. ಕೈ ತಟ್ಟಿ ಗ್ಯಾರೇಜುಗಳಲ್ಲೆಲ್ಲ ಕೂಗುವ ಹಾಗೆಯೇ:

"ಬರ್ಲಿ."

ಕಾರು ಒಂದು ಅಡಿ ಹಿಂದೆ ಬಂತು.

"ಬರ್ಲಿ, ಬರ್ಲಿ. ರೈಟಿಗೆ ಒಂಚೂರು. ಬರ್ಲಿ, ಬರ್ಲಿ, ಬರ್ಲಿ…"

ಐದು ವರ್ಷದ ಕತ್ತಲೆ ಶೆಡ್ಡಿನಿಂದ ಹೊರಗೆ ಬರುತ್ತಿದ್ದಂತೆ ಬಿಸಿಲು ಮೊದಲು ಡಿಕ್ಕಿಯ ಮೇಲೆ, ಆಮೇಲೆ ನನ್ನ ಬೆನ್ನ ಮೇಲೆ, ಆಮೇಲೆ ಮೊಮ್ಮಗಳ ಕೈ ಮೇಲೆ ಬಿತ್ತು.

"ಹೋಲ್ಡಾನ್!"

ತುಳಸಿಕಟ್ಟೆಗೆ ಒಂದು ಗೇಣು ಬಿಟ್ಟು ನಿಂತಿತು.

ಅವನು ನನ್ನ ಹತ್ತಿರ ಬರಲಿಲ್ಲ. ಮಗಳ ಕಿಟಕಿಗೆ ಬಂದು "ಕನ್ನಡಿ ನೋಡಿ ತಗೀಯಡ, ಕುತ್ತಿಗೆ ತಿರುಗ್ಸು" ಎಂದು ಮಾತ್ರ ಹೇಳಿ ಟೆಂಪೋ ಹತ್ತಿ ಹೋದ. ಮರುದಿನದಿಂದ ದಿನಾ ಸಂಜೆ ಅವಳನ್ನು ಕಾರಿನಲ್ಲಿ ಊರಾಚೆಯ ಬಯಲಿಗೆ ಕರೆದುಕೊಂಡು ಹೋಗಿ ಹಿಂದೆ ನಿಂತು ಕಲಿಸಿದ. ನಾನು ಶೆಡ್ಡಿನಲ್ಲೇ ಉಳಿದೆ. ಕಾರು ಇಲ್ಲದ ಶೆಡ್ಡು ಎಷ್ಟು ದೊಡ್ಡದು ಎಂದು ಆಗ ತಿಳಿಯಿತು. ಖಾಲಿ ಎಲೆಯ ಗೀರಿನ ಪಕ್ಕ ಕೂತು ನನ್ನ ತಟ್ಟೆಯಲ್ಲಿ ಉಂಡೆ. ಕಾರು ಹೊರಗೆ ಬಂತು, ನಾನು ಬಂದಿರಲಿಲ್ಲ. ಮಗ ಹದಿನೈದು ದಿನ "ಬರ್ಲಿ" ಎಂದದ್ದೆಲ್ಲ ಕಾರಿಗೆ.

ನಿನ್ನೆ ಪರೀಕ್ಷೆಗೆ ಮಗ, ಮೊಮ್ಮಗಳು, ನಾನು ಮೂವರೂ ಹೋದೆವು. ಪರೀಕ್ಷೆ ತೆಗೆದುಕೊಳ್ಳುವ ಸಾಹೇಬರು ಕಾರಿನ ಸುತ್ತ ಒಂದು ಸುತ್ತು ಬಂದರು.

"ಕ್ಲಚ್ ಎಲ್ಲಮ್ಮ?"

"ಇಲ್ಲ ಸರ್."

"ಕಿತ್ತು ಹಾಕಿದ್ರಾ?"

"ಹುಟ್ಟುವಾಗಲೇ ಇಲ್ಲ ಸರ್. ನನ್ನ ಕಾಲಿನ ಹಾಗಲ್ಲ."

ಸಾಹೇಬರು ನಗಬೇಕೋ ಬೇಡವೋ ಎಂದು ಕಾಗದ ನೋಡಿದರು. "ನಿಮ್ಮಜ್ಜನಿಗಿಂತ ಹಳೇದಾ ಇದು?"

"ಅಜ್ಜನೇ ಹಳಬ ಸರ್. ಕಾರಿಗೆ ಹೊಸ ಸಾಮಾನು ಹಾಕಿದೆ."

ಮುಂದಕ್ಕೆ ಓಡಿಸಿದಳು, ತಿರುಗಿಸಿದಳು. ಆಮೇಲೆ ಸಾಹೇಬರು ಕೋಲು ತೋರಿಸಿ ರಿವರ್ಸು ಎಂದರು. ಅವಳು ಕುತ್ತಿಗೆ ತಿರುಗಿಸಿದಳು. ಬೇಲಿಯಾಚೆ ನನ್ನ ಪಕ್ಕ ನಿಂತಿದ್ದ ಮಗನ ಬಾಯಿ ತನ್ನಷ್ಟಕ್ಕೇ ತೆರೆಯಿತು, "ಬರ್…"

"ಏಯ್, ಯಾರೂ ಹೇಳಿಕೊಡಬಾರದು ಅಲ್ಲಿ!"

ಮಗ ಬಾಯಿಯ ಮೇಲೆ ಕೈ ಇಟ್ಟುಕೊಂಡ. ಇನ್ನೊಂದು ಕೈಯಲ್ಲಿ ಹತ್ತಿರ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡ. ಸಿಕ್ಕಿದ್ದು ನನ್ನ ರಟ್ಟೆ. ಕಾರು ಕೋಲುಗಳ ನಡುವೆ ಬಂದು ನಿಂತ ಮೇಲೂ ಅವನು ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ನಾನು ಅಭ್ಯಾಸದಂತೆ ಶೆಡ್ಡಿನಲ್ಲಿ ತಟ್ಟೆಗೆ ಕಾಯುತ್ತಿದ್ದೆ. ಸೊಸೆಯ ಬದಲು ಬಾಗಿಲಲ್ಲಿ ಮಗ ಬಂದು ನಿಂತ. ಒಳಗೆ ಬರಲಿಲ್ಲ, ನೆಲದ ಮೇಲಿನ ಸೀಮೆಸುಣ್ಣದ ಎಲೆಯನ್ನೇ ನೋಡಿದ.

"ಅಪ್ಪಯ್ಯ, ಎಲೆ ಹಾಕಿದ್ದು. ಬಾ."

ಹನ್ನೆರಡು ಹೆಜ್ಜೆ. ಎಣಿಸಿಕೊಂಡೇ ಹೋದೆ. ಒಳಗೆ ನಾಲ್ಕು ಎಲೆ, ನಿಜವಾದ ಬಾಳೆಲೆ. "ಇವತ್ತು ಬಡ್ಸಲೆ ಯಾರೂ ಇಲ್ಲೆ, ಎಲ್ಲ ಒಟ್ಟಿಗೇ ಕೂರವು" ಎಂದು ಸೊಸೆ ಪಾತ್ರೆಗಳನ್ನು ನಡುವೆ ಇಟ್ಟು ತಾನೂ ಕೂತಳು. ಮೊಮ್ಮಗಳು ಬೂಟು ಬಿಚ್ಚಿ ಕಾಲು ಚಾಚಿಕೊಂಡಳು. ನನ್ನ ಎಲೆಯ ಮೂಲೆಗೆ ಉಪ್ಪು ಬಿತ್ತು. ಉಂಗುರ, ಎಂದಿತು ಮನಸ್ಸು. ಕೋಸಂಬರಿ, ಪಲ್ಯ, ಅನ್ನ, ತೊವ್ವೆ. ತುಪ್ಪ ಬಂದಾಗ ಮೊಮ್ಮಗಳು ನನ್ನ ಕಡೆ ನೋಡಿ ಕಣ್ಣು ಹೊಡೆದಳು.

ಪಾಯಸದ ಸೌಟು ಮಗನ ಕೈಯಲ್ಲಿತ್ತು. ನನ್ನ ಎಲೆಯ ಮೇಲೆ ಹಿಡಿದ.

"ಬರ್ಲಿ, ಬರ್ಲಿ" ಎಂದಳು ಮೊಮ್ಮಗಳು.

ಅವನು ಬಡಿಸಿದ. ಮತ್ತೊಂದು ಸೌಟು. ಮತ್ತೊಂದು. ನಾನು ಹೋಲ್ಡಾನ್ ಎನ್ನಬೇಕಿತ್ತು, ಅಂಗಿಯ ತೋಳಿಗೆ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಪಾಯಸ ಅನ್ನದ ಕಟ್ಟೆ ಒಡೆದುಕೊಂಡು ಎಲೆಯ ಅಂಚು ದಾಟಿ ನೆಲಕ್ಕೆ ಹರಿಯಿತು.

"ಮಾವ!" ಎಂದಳು ಸೊಸೆ.

"ಅಜ್ಜನ ಸೀಲು ಹೋತು" ಎಂದಳು ಮೊಮ್ಮಗಳು.

ಮಗ ನಕ್ಕ. ಐದು ವರ್ಷ ಗೋಡೆಯಾಚೆಯಿಂದ ಕೇಳಿದ್ದ ನಗು ಎಲೆಯ ಪಕ್ಕದಲ್ಲೇ ಕೇಳಿತು. ಹರಿಯುತ್ತಿದ್ದುದನ್ನು ಅವನೇ ಎಡಗೈಯಿಂದ ಅಡ್ಡಗಟ್ಟಿ, "ಉಣ್ಣು, ಮಜ್ಜಿಗೆ ಬಪ್ಪದು ಇದ್ದು ಇನ್ನೂ" ಎಂದ. ಉಂಡೆ. ನಾಲ್ಕೂ ಜನ ಉಂಡೆವು, ಮಜ್ಜಿಗೆ ಬರುವವರೆಗೂ ಯಾರೂ ಏಳಲಿಲ್ಲ.